ಮನೆಹೆಸರಿನಲ್ಲಿ ಉಳಿದ ಗದ್ದೆ: ಬೈಲು, ಮಜಲು, ಬೆಟ್ಟು

ಪೀಠಿಕೆ

ಅಡೂರು ಪರಿಸರದ ಯಾವುದೇ ಕನ್ನಡ ಮಾಧ್ಯಮ ತರಗತಿಯ ಹಾಜರಿ ಪುಸ್ತಕವನ್ನು ತೆರೆದರೂ ಮಕ್ಕಳ ಹೆಸರಿಗೆ ಅಂಟಿಕೊಂಡಿರುವ ಒಂಟಿ ಅಕ್ಷರಗಳು ಕಣ್ಣಿಗೆ ಬೀಳುತ್ತವೆ: ಎಂ., ಬಿ., ಕೆ. ಈ ಅಕ್ಷರದ ವಿಸ್ತಾರವೇನೆಂದು ಕೇಳಿದರೆ ಒಂದು ಮಗು ತಂದೆಯ ಹೆಸರನ್ನು ಹೇಳಬಹುದು, ಇನ್ನೊಂದು ಮನೆಯ ಹೆಸರನ್ನು ಹೇಳಬಹುದು, ಮತ್ತೊಂದು ಸುಮ್ಮನೆ ನಿಲ್ಲಬಹುದು. ಹೀಗೆ ಮೌನದಲ್ಲಿ ಮುಗಿಯುವ ಅಕ್ಷರದ ಹಿಂದೆ ಹಲವು ಬಾರಿ ಒಂದು ಗದ್ದೆಯಿರುತ್ತದೆ. 'ಎಂ.' ಎಂಬುದು ಮಜಲಿನ ಗುರುತು, 'ಬಿ.' ಎಂಬುದು ಬೈಲಿನದೋ ಬೆಟ್ಟಿನದೋ ಗುರುತು ಆಗಿರುವುದುಂಟು.

ಕೃಷಿಭೂಮಿಯಿಂದ ಹುಟ್ಟಿದ ಮನೆಹೆಸರುಗಳ ಅರ್ಥ, ಅವು ಉಪನಾಮಗಳಾಗಿ ನೆಲೆಗೊಂಡ ರೀತಿ, ಅವುಗಳನ್ನು ಹೊತ್ತವರು, ಶಾಲಾ ದಾಖಲೆಯಲ್ಲಿ ಅವುಗಳಿಗೆ ಒದಗುವ ಗತಿ ಇವು ಈ ಪಾಠದ ವಿಷಯಗಳು. ಭಾಷಾ ತರಗತಿಯಲ್ಲೂ ಸಮಾಜ ವಿಜ್ಞಾನದ ತರಗತಿಯಲ್ಲೂ ಇದನ್ನು ಬಳಸಿಕೊಳ್ಳಬಹುದು.

ಭೂಮಿಯ ಮೂರು ಮೆಟ್ಟಿಲುಗಳು

ದೇಲಂಪಾಡಿ ಗ್ರಾಮ ಪಂಚಾಯತಿನ ಅಡೂರು ಪಯಸ್ವಿನಿ ಹೊಳೆಯ ಆಸುಪಾಸಿನ ಊರು. ಇಲ್ಲಿಯ ನೆಲ ಸಮತಟ್ಟಲ್ಲ. ಮೇಲೆ ಮುರಕಲ್ಲಿನ ಗುಡ್ಡ, ಇಳಿಜಾರಿನಲ್ಲಿ ತೋಟ, ಕೆಳಗೆ ತೋಡು, ತೋಡಿನ ಎರಡು ಬದಿಗೆ ಗದ್ದೆ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಉದ್ದಗಲಕ್ಕೂ ರೈತರು ಈ ಏರಿಳಿತವನ್ನು ನೀರಿನ ಲೆಕ್ಕದಲ್ಲಿ ವಿಂಗಡಿಸಿ ಭತ್ತದ ಗದ್ದೆಗೆ ಮೂರು ಹೆಸರುಗಳನ್ನು ಇಟ್ಟುಕೊಂಡಿದ್ದರು.

ಎಲ್ಲಕ್ಕಿಂತ ಕೆಳಗಿನದು ಬೈಲು. ಗುಡ್ಡದಿಂದ ಇಳಿದ ನೀರೆಲ್ಲ ಬಂದು ಸೇರುವ ಜಾಗವಾದುದರಿಂದ ಬೇಸಗೆಯಲ್ಲೂ ತೇವ ಆರುವುದಿಲ್ಲ. ಮಳೆಗಾಲದ ಏಣೇಲು, ಅನಂತರದ ಸುಗ್ಗಿ, ಬೇಸಗೆಯ ಕೊಳಕೆ ಹೀಗೆ ಮೂರು ಬೆಳೆಗಳಿಗೆ ಒದಗುವ ಭೂಮಿ ಇದು. ಅದಕ್ಕಿಂತ ಮೇಲಿನದು ಮಜಲು. ಮಳೆ ನಿಂತ ಮೇಲೂ ಕೆಲವು ತಿಂಗಳು ತೋಡಿನ ಅಥವಾ ಕಟ್ಟದ ನೀರು ದೊರೆಯುವುದರಿಂದ ಇಲ್ಲಿ ಎರಡು ಬೆಳೆ. ಇನ್ನೂ ಮೇಲಿನದು ಬೆಟ್ಟು. ಮಳೆಯನ್ನೇ ನಂಬಿದ ಗದ್ದೆಯಿದು. ಏಣೇಲು ಮುಗಿದರೆ ಆ ವರ್ಷದ ಭತ್ತ ಮುಗಿಯಿತು.

ಈ ವಿಂಗಡಣೆ ಕೇವಲ ಮಾತಿನದಾಗಿರಲಿಲ್ಲ. ಗೇಣಿ ಮತ್ತು ತೀರ್ವೆಯ ಲೆಕ್ಕಾಚಾರದಲ್ಲೂ ಇದಕ್ಕೆ ಬೆಲೆಯಿತ್ತು. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕೃಷಿಯ ವಿವರಗಳನ್ನು ಬರೆದಿಡುವಾಗ ಇಲ್ಲಿಯ ಗದ್ದೆಗಳ ಈ ವರ್ಗಗಳನ್ನೂ ಗುರುತಿಸಿದನು. ಬೈಲು ಎಂದೊಡನೆ ಅದರ ಸ್ಥಾನ, ನೀರು, ಬೆಳೆಯ ಸಂಖ್ಯೆ, ಬೆಲೆ ಎಲ್ಲವೂ ಕೇಳುವವನಿಗೆ ತಿಳಿಯುತ್ತಿತ್ತು. ಒಂದು ಪದದೊಳಗೆ ಒಂದು ಭೂದಾಖಲೆಯೇ ಅಡಗಿತ್ತು.

ಗದ್ದೆಯ ಆಚೆಗೂ ಇಂತಹ ಪದಗಳಿವೆ. ಗಟ್ಟಿ ನೆಲದ, ನೀರು ನಿಲ್ಲದ ವಿಶಾಲ ಬಯಲು ಅಡ್ಕ. ಗುಡ್ಡದ ನೆತ್ತಿಯ ಮುರಕಲ್ಲಿನ ಹಾಸು ಪದವು. ಕಾಡನ್ನು ಕಡಿದು ಸುಟ್ಟು ಒಂದೆರಡು ವರ್ಷ ಬೆಳೆ ತೆಗೆದು ಮತ್ತೆ ಬೇರೆಡೆಗೆ ಹೋಗುವ ಗುಡ್ಡದ ಬೇಸಾಯ ಕುಮೇರಿ. ಮನೆಯ ಹತ್ತಿರದ ದೊಡ್ಡ ಗದ್ದೆ ಬಾಕಿಮಾರು. ಇವೆಲ್ಲವೂ ಮನೆಹೆಸರುಗಳಲ್ಲಿ ಸಿಗುತ್ತವೆ.

ಪದಗಳ ನೆಂಟಸ್ತಿಕೆ

ಕನ್ನಡ ಪಾಠಪುಸ್ತಕದಲ್ಲಿ 'ಬಯಲು' ಎಂದರೆ ತೆರೆದ ಜಾಗ, ಮೈದಾನ. 'ಬಯಲುಸೀಮೆ' ಎಂದರೆ ಘಟ್ಟದ ಮೇಲಿನ ಒಣ ಪ್ರದೇಶ. ಅಡೂರಿನ ಮಗು ಮನೆಯಲ್ಲಿ ಕೇಳುವ 'ಬೈಲು' ಮಾತ್ರ ಕೆಸರಿನದು, ನೀರಿನದು. ಮಲಯಾಳ ಮತ್ತು ತಮಿಳಿನ 'ವಯಲ್' ಎಂದರೂ ಭತ್ತದ ಗದ್ದೆಯೇ. ಬೈಲು ಎಂಬ ಪದದ ಉಚ್ಚಾರ ಕನ್ನಡದ ಕಡೆಗಿದೆ, ಕರಾವಳಿಯಲ್ಲಿ ಅದರ ಅರ್ಥ ಮಲಯಾಳದ ಕಡೆಗಿದೆ. ಗಡಿನಾಡಿನ ಪದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಡ.

ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ದ್ರಾವಿಡ ಭಾಷೆಗಳ ಅಧ್ಯಯನದಲ್ಲಿ ಪ್ರಸಿದ್ಧವಾದ ನಿಯಮ. ಮಲಯಾಳದ ವೇರ್, ವಿಲ್ಲ್, ವಾಲ್, ವೆಳ್ಳಿ, ವಿಳ ಎಂಬವು ಕನ್ನಡದಲ್ಲಿ ಬೇರು, ಬಿಲ್ಲು, ಬಾಲ, ಬೆಳ್ಳಿ, ಬೆಳೆ. ವಯಲ್ ಮತ್ತು ಬಯಲು ಇದೇ ಸಾಲಿನ ಜೋಡಿ. ಎರಡೂ ಭಾಷೆಗಳನ್ನು ದಿನವೂ ಕೇಳುವ ಕಾಸರಗೋಡಿನ ಮಕ್ಕಳು ಈ ನಿಯಮವನ್ನು ಕಂಠಪಾಠ ಮಾಡಬೇಕಾಗಿಲ್ಲ. ನಾಲ್ಕು ಜೋಡಿಗಳನ್ನು ಕೊಟ್ಟರೆ ಐದನೆಯದನ್ನು ಅವರೇ ಹುಡುಕಿಕೊಳ್ಳುತ್ತಾರೆ.

'ಬೆಟ್ಟು' ಕೂಡ ಇಂತಹದೇ ಎಡವು ಕಲ್ಲು. 'ಬೆಟ್ಟ' ಎಂಬ ಪದಕ್ಕೆ ಅದು ಸಮೀಪದ್ದಾದರೂ ಅದರ ಅರ್ಥ ಗುಡ್ಡದ ತುದಿಯಲ್ಲ, ಎತ್ತರದ ಗದ್ದೆ. ಉಡುಪಿ ಬಳಿಯ ಬಡಗಬೆಟ್ಟಿನಂತಹ ಹೆಸರುಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಬೇಕು. ಬಿಡಿ ಗದ್ದೆಗೆ ಕನ್ನಡದಲ್ಲಿ 'ಗದ್ದೆ', ತುಳುವಿನಲ್ಲಿ 'ಕಂಡ', ಮಲಯಾಳದಲ್ಲಿ 'ಕಂಡಂ'. ಒಂದೇ ಬದುವಿನ ಮೇಲೆ ನಿಂತು ಮೂರು ಮನೆಯವರು ಒಂದೇ ಕೆಸರಿಗೆ ಈ ಹೆಸರುಗಳನ್ನು ಹೇಳುತ್ತಾರೆ.

ಹೆಸರು ಕಟ್ಟುವ ಕ್ರಮ ಮತ್ತು ಅದನ್ನು ಹೊತ್ತವರು

ಈ ನಾಡಿನಲ್ಲಿ ಮನೆಗಳು ಘಟ್ಟದ ಮೇಲಿನಂತೆ ಒಂದೆಡೆ ಗುಂಪಾಗಿಲ್ಲ. ಪ್ರತಿ ಮನೆಯೂ ತನ್ನ ಗದ್ದೆ, ತೋಟಗಳ ನಡುವೆ ಒಂಟಿಯಾಗಿ ನಿಂತಿದೆ. ಹೀಗಾಗಿ ಜಾಗದ ಹೆಸರೇ ಮನೆಯ ಹೆಸರಾಯಿತು, ಮನೆಯ ಹೆಸರು ಮನೆಯವರ ಹೆಸರಾಯಿತು. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇದ್ದಾಗ ಅವರನ್ನು ಬೇರ್ಪಡಿಸುತ್ತಿದ್ದುದು ಗದ್ದೆಯ ಹೆಸರು.

ರೂಢಿಯ ಕ್ರಮದಲ್ಲಿ ಜಾಗದ ಹೆಸರು ಮೊದಲು, ವ್ಯಕ್ತಿಯ ಹೆಸರು ನಡುವೆ, ಸಮುದಾಯದ ಹೆಸರು ಕೊನೆಗೆ. ಕಯ್ಯಾರ ಕಿಞ್ಞಣ್ಣ ರೈ (1915–2015) ಎಂಬ ಹೆಸರಿನಲ್ಲಿ ಈ ಮೂರೂ ಸ್ಪಷ್ಟವಾಗಿವೆ. ಪುತ್ತೂರಿನ ಶಾಸಕರಾಗಿದ್ದ ಉರಿಮಜಲು ರಾಮ ಭಟ್ಟರ ಹೆಸರಿನಲ್ಲಿ ಮಜಲು ಇದೆ. ಯಕ್ಷಗಾನ ಕಲಾವಿದ ದಾಸರಬೈಲು ಚನಿಯ ನಾಯ್ಕರ ಹೆಸರಿನಲ್ಲಿ ಬೈಲು ಇದೆ. ಮದ್ದಳೆಯ ಮಾಂತ್ರಿಕ ಹಿರಿಯಡ್ಕ ಗೋಪಾಲ ರಾವ್, ಕನ್ನಡದ ವಿಜ್ಞಾನ ಲೇಖಕ ಅಡ್ಯನಡ್ಕ ಕೃಷ್ಣ ಭಟ್ಟ ಇವರ ಹೆಸರುಗಳಲ್ಲಿ ಅಡ್ಕವಿದೆ. ಜಾಗದ ಹೆಸರನ್ನು ಹೊರುವ ಪದ್ಧತಿ ಒಂದು ಜಾತಿಗೋ ಮತಕ್ಕೋ ಸೀಮಿತವೂ ಅಲ್ಲ. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಎಂಬ ಕಥೆಗಾರರ ಹೆಸರುಗಳೂ ಇದೇ ನೆಲದ ಕ್ರಮದಲ್ಲಿ ಕಟ್ಟಿದವು.

ಪ್ರತಿಯೊಂದು ಹೆಸರಿನಲ್ಲೂ ಗದ್ದೆಯನ್ನು ಹುಡುಕುವ ಆತುರವೂ ಸಲ್ಲದು. ಕಾಸರಗೋಡಿನ ಭತ್ತದ ತಳಿ ಸಂರಕ್ಷಕ ಸತ್ಯನಾರಾಯಣ ಬೆಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 650ಕ್ಕೂ ಹೆಚ್ಚು ಸಾಂಪ್ರದಾಯಿಕ ತಳಿಗಳನ್ನು ಉಳಿಸಿದವರು ಅವರು. 'ಬೆಳೇರಿ' ಎಂದಾಗ 'ಬೆಳೆ' ಕಿವಿಗೆ ಬೀಳುತ್ತದೆ. ಆದರೆ ಕಿವಿಗೆ ಬಿದ್ದುದು ವ್ಯುತ್ಪತ್ತಿಯಲ್ಲ. ಸ್ಥಳವನ್ನು ನೋಡಿ, ಹಿರಿಯರ ಉಚ್ಚಾರವನ್ನು ಕೇಳಿ, ಹಳೆಯ ದಸ್ತಾವೇಜಿನ ಬರಹವನ್ನು ಹೋಲಿಸಿದ ಮೇಲೆಯೇ ಅರ್ಥ ಹೇಳಬೇಕೆಂಬ ಶಿಸ್ತನ್ನು ಮಕ್ಕಳಿಗೆ ಕಲಿಸಲು ಇಂತಹ ಹೆಸರುಗಳು ಉಪಯುಕ್ತ.

ಹೆಸರು ಮತ್ತು ಹಕ್ಕು

ಬೈಲಿನ ಹೆಸರನ್ನು ಹೊತ್ತವರೆಲ್ಲರೂ ಬೈಲಿನ ಒಡೆಯರಾಗಿರಲಿಲ್ಲ. ಒಂದು ಬೈಲಿಗೆ ವರ್ಗದಾರನಿದ್ದ, ಗೇಣಿಗೆ ಸಾಗುವಳಿ ಮಾಡುವ ಒಕ್ಕಲುಗಳಿದ್ದರು, ನೇಜಿ ನೆಟ್ಟು ಪೈರು ಕೊಯ್ಯುವ ಕೂಲಿಯವರಿದ್ದರು. ಕೇರಳದ ಭೂಸುಧಾರಣಾ ಕಾಯಿದೆ 1963ರದು. ಅದರ ತಿದ್ದುಪಡಿಯಂತೆ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡು ಸಾಗುವಳಿದಾರನಿಗೆ ಹಕ್ಕು ದೊರೆಯುವಂತಾಯಿತು. ಭೂಮಿಯ ಹಕ್ಕು ಕೈ ಬದಲಾಯಿಸಿದರೂ ಜಾಗದ ಹೆಸರು ಬದಲಾಗಲಿಲ್ಲ. ಹೀಗಾಗಿ ಇಂದು ಒಂದೇ ಮನೆಹೆಸರನ್ನು ಬೇರೆ ಬೇರೆ ಸಮುದಾಯದವರು, ಬೇರೆ ಬೇರೆ ಮನೆಮಾತಿನವರು ಬಳಸುವುದು ಸಹಜ. ಅದು ರಕ್ತಸಂಬಂಧದ ಗುರುತಲ್ಲ, ನೆಲಸಂಬಂಧದ ಗುರುತು.

ತಲೆತಲಾಂತರದಿಂದ ಆ ಗದ್ದೆಯ ಕೆಸರಿನಲ್ಲಿ ದುಡಿದ ಕುಟುಂಬಗಳ ಮಕ್ಕಳಲ್ಲಿ ಹಲವರಿಗೆ ದಾಖಲೆಯಲ್ಲಿ ಮನೆಹೆಸರೇ ಇಲ್ಲದಿರಬಹುದು. ಗದ್ದೆಯನ್ನು ಅತ್ಯಂತ ಹತ್ತಿರದಿಂದ ಬಲ್ಲವರು ಆ ಮನೆಗಳ ಹಿರಿಯರೇ. ಆದ್ದರಿಂದ 'ನಿನ್ನ ಮನೆಹೆಸರೇನು' ಎಂಬ ಪ್ರಶ್ನೆಗಿಂತ 'ನಿನ್ನ ಮನೆಯ ಹತ್ತಿರದ ಜಾಗಗಳ ಹೆಸರೇನು' ಎಂಬ ಪ್ರಶ್ನೆ ತರಗತಿಗೆ ಹೆಚ್ಚು ಯೋಗ್ಯವಾದುದು. ಅದಕ್ಕೆ ಎಲ್ಲ ಮಕ್ಕಳೂ ತಲೆಯೆತ್ತಿ ಉತ್ತರ ಕೊಡಬಲ್ಲರು.

ಲಿಪಿ ಬದಲಾದಾಗ

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಹೆಸರುಗಳು ಮೂರು ಲಿಪಿಗಳಲ್ಲಿ ಬದುಕಬೇಕಾಯಿತು. ಕಾರಡ್ಕ, ಬದಿಯಡ್ಕ, ಬೇಡಡ್ಕ ಎಂಬವು ಮಲಯಾಳದ ಬರಹದಲ್ಲಿ ಕಾರಡುಕ್ಕ, ಬದಿಯಡುಕ್ಕ, ಬೇಡಡುಕ್ಕ ಎಂದಾಗುತ್ತವೆ. ವ್ಯಂಜನಗಳ ನಡುವೆ ಒಂದು ಉಕಾರ ಸೇರಿಕೊಂಡರೆ 'ಅಡ್ಕ' ಎಂಬ ನೆಲದ ಪದ ಕಾಣದಾಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹ್ರಸ್ವ ದೀರ್ಘಗಳು, ಳಕಾರ ಲಕಾರಗಳು ಒಂದಾಗುತ್ತವೆ.

ಇದನ್ನು ಒಂದು ಭಾಷೆಯ ದೋಷವೆಂದು ಮಕ್ಕಳ ಮುಂದೆ ಹೇಳಬಾರದು. ಹೊರಗಿನ ಹೆಸರನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಳ್ಳುವುದು ಎಲ್ಲ ಭಾಷೆಗಳ ಗುಣ. ಕೋಝಿಕ್ಕೋಡನ್ನು ಕನ್ನಡಿಗರು ಕಲ್ಲಿಕೋಟೆ ಎನ್ನುತ್ತ ಬಂದಿದ್ದಾರೆ. ಆಡುಮಾತಿನಲ್ಲಿ ಇದರಿಂದ ಕೆಡುಕಿಲ್ಲ. ಆದರೆ ದಾಖಲೆಯ ವಿಷಯ ಬೇರೆ. 2021ರಲ್ಲಿ ಕಾಸರಗೋಡಿನ ಊರ ಹೆಸರುಗಳ ಕುರಿತು ಎರಡೂ ರಾಜ್ಯಗಳಲ್ಲಿ ಚರ್ಚೆ ನಡೆದಾಗ ಗಮನವೆಲ್ಲ ದೊಡ್ಡ ಊರುಗಳ ಫಲಕಗಳ ಮೇಲಿತ್ತು. ಮನೆಹೆಸರಿಗೆ ಫಲಕವಿಲ್ಲ. ಅದು ಬರಹದಲ್ಲಿ ಉಳಿಯುವ ಮುಖ್ಯ ಜಾಗಗಳಲ್ಲಿ ಒಂದು ಶಾಲೆಯ ಪ್ರವೇಶಾತಿ ದಾಖಲೆ. ಅಲ್ಲಿ ಬರೆದುದೇ ಎಸ್.ಎಸ್.ಎಲ್.ಸಿ. ಪುಸ್ತಕಕ್ಕೂ ಮುಂದಿನ ಎಲ್ಲ ಪತ್ರಗಳಿಗೂ ಆಧಾರ. ಒಂದನೆಯ ತರಗತಿಗೆ ಮಗುವನ್ನು ಸೇರಿಸಿಕೊಳ್ಳುವ ಅಧ್ಯಾಪಕರ ಲೇಖನಿಯಲ್ಲಿ ಆ ಗದ್ದೆಯ ಹೆಸರು ಉಳಿಯುತ್ತದೆ ಅಥವಾ ಒಂದಕ್ಷರಕ್ಕೆ ಇಳಿಯುತ್ತದೆ.

ತರಗತಿಯ ಚಟುವಟಿಕೆಗಳು

1. ಹೆಸರಿನ ನಕ್ಷೆ: ಪ್ರತಿ ಮಗು ತನ್ನ ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಸಿಗುವ ಜಾಗಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದು ತರಲಿ. ಮನೆಯಲ್ಲಿ ಹೇಳುವಂತೆಯೇ ಬರೆಯಬೇಕು, ತಿದ್ದಿ ಬರೆಯಬಾರದು. ಗುಂಪಿನಲ್ಲಿ ಕುಳಿತು ಈ ಹೆಸರುಗಳನ್ನು ಬೈಲು, ಮಜಲು, ಬೆಟ್ಟು, ಅಡ್ಕ, ಪದವು, ಕುಮೇರಿ, ಇತರ ಎಂದು ವಿಂಗಡಿಸಲಿ.

2. ಎತ್ತರದ ಪರೀಕ್ಷೆ: ಕರಿಹಲಗೆಯ ಮೇಲೆ ಗುಡ್ಡದಿಂದ ತೋಡಿನವರೆಗಿನ ಇಳಿಜಾರನ್ನು ಚಿತ್ರಿಸಿ, ಸಂಗ್ರಹಿಸಿದ ಹೆಸರುಗಳನ್ನು ಅವುಗಳ ನಿಜವಾದ ಎತ್ತರದಲ್ಲಿ ಬರೆಯಲಿ. 'ಬೈಲು' ಎಂಬ ಹೆಸರಿನ ಜಾಗ ಗುಡ್ಡದ ಮೇಲೆ ಕಂಡುಬಂದರೆ ಅದಕ್ಕೆ ಕಾರಣವೇನಿರಬಹುದೆಂದು ಚರ್ಚಿಸಲಿ. ಮನೆ ಸ್ಥಳಾಂತರವಾದಾಗ ಹೆಸರೂ ಜೊತೆಗೆ ಹೋಗುವುದುಂಟು.

3. ಜೋಡಿ ಪದಗಳು: ವಕಾರ ಬಕಾರಗಳ ಜೋಡಿಗಳನ್ನು ಮಲಯಾಳ ಬಲ್ಲ ಮಕ್ಕಳ ನೆರವಿನಿಂದ ಸಂಗ್ರಹಿಸಲಿ. ನಿಯಮವನ್ನು ಕೊನೆಯಲ್ಲಿ ಮಕ್ಕಳೇ ಹೇಳಲಿ.

4. ಅಂದು ಮತ್ತು ಇಂದು: ಹೆಸರಿನಲ್ಲಿ ಗದ್ದೆಯಿರುವ ಜಾಗದಲ್ಲಿ ಈಗ ಏನಿದೆ? ಅಡಿಕೆಯೇ, ರಬ್ಬರೇ, ಮನೆಯೇ, ಭತ್ತವೇ? ಉತ್ತರಗಳನ್ನು ಪಟ್ಟಿ ಮಾಡಿ, ಭತ್ತದ ಗದ್ದೆಗಳ ರಕ್ಷಣೆಗಾಗಿ ಕೇರಳವು 2008ರಲ್ಲಿ ತಂದ ಕಾಯಿದೆಯ ಪಾಠಕ್ಕೆ ಜೋಡಿಸಬಹುದು.

ಅಧ್ಯಾಪಕರು ಗಮನಿಸಬೇಕಾದುದು

ಈ ಚಟುವಟಿಕೆ ಯಾರ ಜಾತಿಯನ್ನಾಗಲಿ ಆಸ್ತಿಯನ್ನಾಗಲಿ ತರಗತಿಯಲ್ಲಿ ಬಯಲಿಗೆಳೆಯುವಂತೆ ಇರಬಾರದು. ಬಾಡಿಗೆ ಮನೆಯಲ್ಲಿರುವ, ಕಾಲನಿಯಲ್ಲಿರುವ, ಬೇರೆ ಊರಿನಿಂದ ಬಂದ ಮಕ್ಕಳು ತಾವು ಈಗ ಇರುವ ಜಾಗದ ಹೆಸರನ್ನು ತಂದರೆ ಸಾಕು. ದಾಖಲೆಯನ್ನು ತುಂಬಿಸುವಾಗ ಹೆತ್ತವರಿಂದ ಮನೆಹೆಸರನ್ನು ಪೂರ್ಣವಾಗಿ ಕೇಳಿ, ಕನ್ನಡದಲ್ಲಿ ಬರೆಸಿಕೊಂಡು, ಅನಂತರವೇ ಇತರ ಲಿಪಿಗೆ ತರುವುದು ಒಳ್ಳೆಯ ರೂಢಿ. ಹೆತ್ತವರು ಸಂಕ್ಷಿಪ್ತ ರೂಪವನ್ನೇ ಬಯಸಿದರೆ ಅದು ಅವರ ಆಯ್ಕೆ. ಆದರೆ ಅಕ್ಷರದ ವಿಸ್ತಾರವೇನೆಂಬುದು ಮಗುವಿಗೆ ತಿಳಿದಿರಬೇಕು.

ಸಮಾರೋಪ

ಅಡೂರಿನ ಸುತ್ತಮುತ್ತ ಹಲವು ಬೈಲುಗಳಲ್ಲಿ ಇಂದು ಅಡಿಕೆ ಮರಗಳು ನಿಂತಿವೆ. ಮೂರು ಬೆಳೆಯ ಗದ್ದೆಯನ್ನು ಕಣ್ಣಾರೆ ಕಂಡ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಕೊಳಕೆ ಎಂಬ ಪದದ ಅರ್ಥವನ್ನು ಮೊಮ್ಮಗು ಕೇಳಿ ತಿಳಿಯಲು ಇನ್ನು ಹೆಚ್ಚು ವರ್ಷಗಳಿಲ್ಲ. ಉಳುವವರು ಇಲ್ಲದಾದ ಮೇಲೂ ಆ ಗದ್ದೆ ಮಗುವಿನ ಹೆಸರಿನ ಮುಂದೆ ಒಂದು ಅಕ್ಷರವಾಗಿ ಕುಳಿತಿದೆ. ಮುಂದಿನ ಬಾರಿ ಹಾಜರಿ ಕರೆಯುವಾಗ ಒಮ್ಮೆ ಆ ಅಕ್ಷರದ ಬದಲು ಪೂರ್ಣ ಹೆಸರನ್ನು ಕರೆದರೆ, ಈ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.