ಬಿಸಿಗೆ ಹೊರದಾರಿ

ಟರ್ಬೊ ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮಾತು ಬೂಸ್ಟಿನ ಕಡೆಗೇ ಹೊರಳುತ್ತದೆ. ಒತ್ತಡ ಎಷ್ಟು ಬಾರ್, ಹಾರ್ಸ್‌ಪವರ್ ಎಷ್ಟು ಎಂಬ ಲೆಕ್ಕಾಚಾರ ನಡೆಯುತ್ತದೆ. ಎಂಜಿನ್ನಿನೊಳಕ್ಕೆ ಹೋಗುವ ಗಾಳಿ ಎಷ್ಟು ಬಿಸಿಯಾಗಿದೆ ಎಂದು ವಿಚಾರಿಸುವವರು ಕಡಿಮೆ. ಬೆಂಗಳೂರಿನಲ್ಲಿ ಎರಡು ಲೀಟರಿನ ಟರ್ಬೊ ಪೆಟ್ರೋಲ್ ಸ್ಪೋರ್ಟ್ಸ್ ಕಾರೊಂದನ್ನು ವರ್ಷಗಳಿಂದ ಓಡಿಸುತ್ತಿದ್ದೇನೆ. ಬಿಡುವಾದಾಗ ಅದನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಒಯ್ಯುತ್ತೇನೆ. ಇಷ್ಟು ಕಾಲದಲ್ಲಿ ನನಗೆ ಮನದಟ್ಟಾಗಿರುವುದು ಇದು: ನಮ್ಮ ಹವೆಯಲ್ಲಿ ಇಂಥ ಕಾರಿನ ನಿಜವಾದ ಶಕ್ತಿಯನ್ನು ತೀರ್ಮಾನಿಸುವುದು ಆ ಗಾಳಿಯ ಬಿಸಿ. ಅದನ್ನು ಇಳಿಸಬೇಕಾದರೆ ದೊಡ್ಡ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಂಪುಮಾಡುವ ಭಾಗ) ಕೊಳ್ಳುವ ಮೊದಲು, ಬಿಸಿ ಹೊರಗೆ ಹೋಗುವ ದಾರಿಯನ್ನು ಸರಿಮಾಡಬೇಕು.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತೇವೆ. ಟರ್ಬೊದಲ್ಲಿ ಆಗುವುದೂ ಅದೇ. ಹೊರಗೆ 35 ಡಿಗ್ರಿ ಇರುವಾಗ, ವಾತಾವರಣದ ಒತ್ತಡವೂ ಸೇರಿ ಒಟ್ಟು 1.9 ಬಾರ್ ಆಗುವಷ್ಟು ಗಾಳಿಯನ್ನು ಒತ್ತಿದರೆ, ಸಮುದ್ರಮಟ್ಟದ ಚೆನ್ನೈಯಲ್ಲಿ ಅದು ಟರ್ಬೊದಿಂದ ಸುಮಾರು 120 ಡಿಗ್ರಿಯಲ್ಲಿ ಹೊರಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. ಅದೇ 1.9 ಬಾರ್ ಮುಟ್ಟಲು ಟರ್ಬೊ ಇನ್ನಷ್ಟು ಜೋರಾಗಿ ತಿರುಗಬೇಕು. ಲೆಕ್ಕ ಹಾಕಿದರೆ ಗಾಳಿ 135 ಡಿಗ್ರಿ ಹತ್ತಿರ ಹೋಗುತ್ತದೆ. ತಂಪು ಊರೆಂದು ಹೆಸರಾದ ಬೆಂಗಳೂರು ಟರ್ಬೊ ಪಾಲಿಗೆ ಸುಲಭದ ಊರೇನಲ್ಲ.

ಬಿಸಿ ಗಾಳಿಯಿಂದ ಎರಡು ನಷ್ಟ. ಒಂದು, ಅದು ಹಿಗ್ಗಿರುತ್ತದೆ. 40 ಡಿಗ್ರಿಯ ಗಾಳಿಗೆ ಹೋಲಿಸಿದರೆ 70 ಡಿಗ್ರಿಯ ಗಾಳಿಯಲ್ಲಿ ಅದೇ ಒತ್ತಡಕ್ಕೆ ಸುಮಾರು ಶೇ. 9ರಷ್ಟು ಆಮ್ಲಜನಕ ಕಡಿಮೆ. ಎರಡನೆಯದು ಇನ್ನೂ ದೊಡ್ಡದು: ಸಿಲಿಂಡರಿನೊಳಗೆ ಉರಿಯುವ ಸರದಿಯಲ್ಲಿರುವ ಪೆಟ್ರೋಲ್ ಮಿಶ್ರಣ, ಕಿಡಿಯ ಉರಿ ತನ್ನ ತನಕ ಬರುವ ಮೊದಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಇದೇ ನಾಕಿಂಗ್. ನಾಕ್ ಸೆನ್ಸರ್ ಅದನ್ನು ಗುರುತಿಸಿದ ಕೂಡಲೇ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆದು ಪಿಸ್ಟನ್ ಕಾಪಾಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹೊತ್ತುವುದಿಲ್ಲ, ಕಾರು ಮಾತ್ರ ಮಂಕಾಗುತ್ತದೆ. ಟ್ರ್ಯಾಕಿನಲ್ಲಿ ಮೊದಲ ಲ್ಯಾಪಿನಲ್ಲಿದ್ದ ಪಿಕಪ್ ಮೂರನೆಯದರ ಹೊತ್ತಿಗೆ ಕುಗ್ಗುವುದು ಬಹುತೇಕ ಇದೇ ಕಾರಣಕ್ಕೆ.

ಈ ತೊಂದರೆ ಟರ್ಬೊ ಕಾರಿನಷ್ಟೇ ಹಳೆಯದು. ಅಮೆರಿಕದಲ್ಲಿ 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಎಂಜಿನ್ನಿಗೆ ಊಡುತ್ತಿದ್ದರು. ಆ ದ್ರವವನ್ನು ಮಾಲೀಕರೇ ನೆನಪಿಟ್ಟು ತುಂಬಿಸಬೇಕಿತ್ತು. 1975ರ ಪೋರ್ಷೆ 911 ಟರ್ಬೊದ 3 ಲೀಟರ್ ಎಂಜಿನ್ನಿಗೆ ಇಂಟರ್‌ಕೂಲರೇ ಇರಲಿಲ್ಲ, ಶಕ್ತಿ 260 ಹಾರ್ಸ್‌ಪವರ್. 1978ರ ಮಾದರಿಯಲ್ಲಿ ಎಂಜಿನ್ನನ್ನು 3.3 ಲೀಟರಿಗೆ ಹಿಗ್ಗಿಸಿ, ಹಿಂದಿನ ಸ್ಪಾಯ್ಲರಿನ ಕೆಳಗೆ ಇಂಟರ್‌ಕೂಲರ್ ಕೂರಿಸಿದಾಗ ಅದು 300 ಆಯಿತು. ಇಂಟರ್‌ಕೂಲರಿಗೆ ಎದುರುಗಾಳಿ ಸಿಗಲೆಂದು ಸ್ಪಾಯ್ಲರನ್ನೇ ಹೊಸದಾಗಿ ರೂಪಿಸಿದ್ದರು. ಬಿಡಿಭಾಗದಷ್ಟೇ ಗಾಳಿಯ ದಾರಿಯೂ ಮುಖ್ಯ ಎಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ಮೊದಲು ಅಳತೆ

ಕಾರಿನ ದೋಷಪತ್ತೆಗೆಂದು ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಇದ್ದರೆ ಗಾಳಿಯ ತಾಪವನ್ನು ದಾಖಲಿಸಿಕೊಳ್ಳಬಹುದು. ಆದರೆ ಅನೇಕ ಕಾರುಗಳಲ್ಲಿ ಇದಕ್ಕೆ ಎರಡು ಸೆನ್ಸರ್‌ಗಳಿರುತ್ತವೆ: ಒಂದು ಟರ್ಬೊಗಿಂತ ಮುಂಚೆ, ಫಿಲ್ಟರಿನ ಹತ್ತಿರ, ಇನ್ನೊಂದು ಇಂಟರ್‌ಕೂಲರ್ ದಾಟಿದ ಮೇಲೆ. ನಮಗೆ ಬೇಕಾದದ್ದು ಎರಡನೆಯದು. ಬರೀ ಆ ಅಂಕಿ ನೋಡಿದರೂ ಸಾಲದು, ಹೊರಗಿನ ತಾಪಕ್ಕಿಂತ ಅದು ಎಷ್ಟು ಹೆಚ್ಚಿದೆ ಎಂದು ನೋಡಬೇಕು. ನನ್ನ ಕಾರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಈ ಅಂತರ 10–12 ಡಿಗ್ರಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತರೆ 30 ದಾಟುತ್ತದೆ. ಈ ಅಂಕಿಗಳು ಕೈಯಲ್ಲಿದ್ದರೆ ಮುಂದೆ ಮಾಡುವ ಪ್ರತಿ ಬದಲಾವಣೆಯ ಬೆಲೆ ತಿಳಿಯುತ್ತದೆ.

ಊದುಬತ್ತಿಯ ಹೊಗೆ

ಜೆ.ಸಿ. ರಸ್ತೆಯ ಬಳಿ ರೇಡಿಯೇಟರ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಬಂಪರ್ ಬಿಚ್ಚಿಸಿದ ದಿನ ಅವರು ತೋರಿಸಿದ್ದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ನನ್ನ ಕಾರಿನಲ್ಲಿ ಮುಂದೆ ಏಸಿ ಕಂಡೆನ್ಸರ್, ಅದರ ಹಿಂದೆ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್. ಅವರು ಎಂಜಿನ್ ಚಾಲೂ ಮಾಡಿಸಿ, ಫ್ಯಾನ್ ತಿರುಗತೊಡಗಿದ ಮೇಲೆ ಒಂದು ಊದುಬತ್ತಿ ಹಚ್ಚಿ ಕಂಡೆನ್ಸರಿನ ಅಂಚಿಗೆ ಹಿಡಿದರು. ಹೊಗೆ ನೇರವಾಗಿ ಫಿನ್‌ಗಳ ನಡುವೆ ಹೋಗಲಿಲ್ಲ. ಪಕ್ಕಕ್ಕೆ ಬಾಗಿ, ಇಂಟರ್‌ಕೂಲರಿಗೂ ಚೌಕಟ್ಟಿಗೂ ನಡುವೆ ಇದ್ದ ಎರಡು ಬೆರಳಿನ ಸಂದಿಯೊಳಗೆ ಎಳೆಯಾಗಿ ನುಗ್ಗಿತು. "ನೋಡಿ ಸಾರ್, ಗಾಳಿಗೆ ಎಲ್ಲಿ ಸಲೀಸೋ ಅಲ್ಲೇ ಹೋಗತ್ತೆ. ಸಂದಿ ಮುಚ್ಚಿ, ಆಮೇಲೆ ದೊಡ್ಡದು ತಗೊಳ್ಳೋ ಮಾತಾಡೋಣ" ಅಂದರು.

ಕಂಡೆನ್ಸರ್ ಮತ್ತು ಇಂಟರ್‌ಕೂಲರ್ ನಡುವೆ ಒಣಗಿದ ಎಲೆ, ಹೆದ್ದಾರಿಯ ಹುಳುಗಳು, ಗಟ್ಟಿಕಟ್ಟಿದ ಧೂಳು ಕೂತಿದ್ದವು. ಕಲ್ಲು ಬಡಿದು ಕೆಲವು ಫಿನ್‌ಗಳು ಮಡಚಿಕೊಂಡಿದ್ದವು. ಅವರು ಪ್ರೆಷರ್ ವಾಷರ್ ಮುಟ್ಟಲಿಲ್ಲ, ಅದರ ರಭಸಕ್ಕೆ ಫಿನ್‌ಗಳು ಇನ್ನಷ್ಟು ಬಾಗುತ್ತವೆ. ಮೆತ್ತನೆಯ ಬ್ರಷ್ ಮತ್ತು ಸಣ್ಣ ನೀರಿನ ಧಾರೆಯಿಂದ ತೊಳೆದು, ಬಾಗಿದವನ್ನು ಒಂದೊಂದಾಗಿ ನೇರ ಮಾಡಿದರು. ಬಳಿಕ ಬಿಸಿ ತಡೆಯುವ ಫೋಮ್ ಪಟ್ಟಿಯಿಂದ ಸುತ್ತಲಿನ ಸಂದಿ ಮುಚ್ಚಿ, ಬಂಪರಿನ ಬಾಯಿಂದ ಒಳಗಿನವರೆಗೆ ಅಲ್ಯೂಮಿನಿಯಂ ತಗಡಿನ ಗೋಡೆ ಕೊಟ್ಟರು. ಸಾಮಗ್ರಿಯ ಖರ್ಚು ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ. ಮುಂದಿನ ಸಲ ಟ್ರ್ಯಾಕಿಗೆ ಹೋದಾಗ ತಾಪದ ಅಂತರ 8 ಡಿಗ್ರಿಯಷ್ಟು ಇಳಿದಿತ್ತು.

ಅದೇ ದಿನ ಪೈಪುಗಳ ಸೋರಿಕೆಯನ್ನೂ ನೋಡಿದರು. ಒಳಗೆ ಹಗುರವಾದ ಒತ್ತಡ ಕೊಟ್ಟು, ಪಂಕ್ಚರ್ ಅಂಗಡಿಯ ಹಾಗೆ ಸೋಪಿನ ನೀರು ಸವರಿದಾಗ ಒಂದು ಹೋಸಿನ ಕ್ಲ್ಯಾಂಪಿನ ಬಳಿ ಗುಳ್ಳೆ ಎದ್ದಿತು. ಸೋರಿದಷ್ಟನ್ನೂ ಟರ್ಬೊ ಮತ್ತೆ ಒತ್ತಬೇಕು, ಅದರಿಂದ ಗಾಳಿಯ ಬಿಸಿ ಹೆಚ್ಚುತ್ತದೆ. ಸ್ಕ್ರೂಡ್ರೈವರಿನ ಎರಡು ಸುತ್ತಿಗೆ ಅದು ಸರಿಹೋಯಿತು.

ದೊಡ್ಡದು ಬೇಕೇ?

ಟ್ರ್ಯಾಕಿನ ಸಲುವಾಗಿ ಮುಂದೆ ನಾನು ಬಾರ್-ಅಂಡ್-ಪ್ಲೇಟ್ ಮಾದರಿಯ ದಪ್ಪ ಇಂಟರ್‌ಕೂಲರನ್ನೂ ಹಾಕಿಸಿದೆ. ಅದರಲ್ಲಿ ಲೋಹ ಜಾಸ್ತಿ, ಹಾಗಾಗಿ ಬೇಗ ಬಿಸಿಯಾಗುವುದಿಲ್ಲ. ಒಮ್ಮೆ ಬಿಸಿಯಾದರೆ ಬೇಗ ಆರುವುದೂ ಇಲ್ಲ. ಕೆಲವೇ ಲ್ಯಾಪ್ ಜೋರಾಗಿ ಓಡಿಸಿ ಒಂದು ಲ್ಯಾಪ್ ನಿಧಾನಿಸುವವರಿಗೆ ಅದು ಹೇಳಿಮಾಡಿಸಿದ್ದು. ದಿನವೂ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿಗೆ ಹಗುರವಾದ ಟ್ಯೂಬ್-ಅಂಡ್-ಫಿನ್ ಮೇಲು. ತೀರಾ ದಪ್ಪದ್ದನ್ನು ಕೂರಿಸಿದರೆ ಹಿಂದಿನ ರೇಡಿಯೇಟರಿಗೆ ಗಾಳಿ ಸಿಗದೆ ಕೂಲಂಟ್ ಕಾಯುತ್ತದೆ. ಕೊಳ್ಳುವವರು ಕೂಲಂಟಿನ ತಾಪವನ್ನೂ ಬರೆದಿಟ್ಟುಕೊಂಡಿರಲಿ.

ಇಂಟರ್‌ಕೂಲರಿಗೆ ನೀರು ಚಿಮ್ಮಿಸುವುದು ಇನ್ನೊಂದು ದಾರಿ. ಸುಬಾರು ಇಂಪ್ರೆಜಾ ಎಸ್‌ಟಿಐ, ಮಿತ್ಸುಬಿಷಿ ಲ್ಯಾನ್ಸರ್ ಇವೊ ಕಾರುಗಳಿಗೆ ಕಾರ್ಖಾನೆಯಲ್ಲೇ ಈ ಸೌಕರ್ಯ ಕೊಡುತ್ತಿದ್ದರು. ಒಂದು ಲೀಟರ್ ನೀರು ಆವಿಯಾಗುವಾಗ 2,200 ಕಿಲೊಜೌಲಿಗೂ ಹೆಚ್ಚು ಶಾಖವನ್ನು ಹೀರುತ್ತದೆ. ಆದರೆ ಫಲ ಹವೆಯನ್ನು ಅವಲಂಬಿಸಿದೆ: ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಚೆನ್ನೈಯ ಬೆವರಿನ ಸೆಕೆಯಲ್ಲಿ ಅಷ್ಟಾಗಿ ಇಲ್ಲ. ಬೋರ್‌ವೆಲ್ ನೀರು ಮಾತ್ರ ಬೇಡವೇ ಬೇಡ. ಅದರ ಉಪ್ಪು ಫಿನ್‌ಗಳ ಮೇಲೆ ಬಿಳಿಯಾಗಿ ಕಟ್ಟಿಕೊಂಡು ಗಾಳಿಗೇ ಅಡ್ಡವಾಗುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ.

ಬಾನೆಟ್ಟಿನ ಕೆಳಗೆ ತೆರೆದೇ ಇರುವ ಏರ್ ಫಿಲ್ಟರಿನ ಸದ್ದು ಸೊಗಸು, ನಿಜ. ಆದರೆ ಅದು ಎಳೆಯುವುದು ಎಂಜಿನ್ ಸುತ್ತಲಿನ ಕಾದ ಗಾಳಿಯನ್ನು. ಹೊರಗಿನ ಗಾಳಿ ನೇರ ಸಿಗುವ ಮುಚ್ಚಿದ ಡಬ್ಬಿಯನ್ನೇ ಉಳಿಸಿಕೊಳ್ಳಿ. ಇನ್ನು 95 ಅಥವಾ 100 ಆಕ್ಟೇನಿನ ಪೆಟ್ರೋಲ್ ಬಿಸಿಯನ್ನು ತಾಳಿಕೊಳ್ಳುವ ಶಕ್ತಿ ಕೊಡುತ್ತದೆ, ಬಿಸಿಯನ್ನು ತೆಗೆಯುವುದಿಲ್ಲ. ಎರಡೂ ಬೇಕು.

ಓಡಿಸುವ ರೀತಿಯಲ್ಲೂ ಬಹಳ ಇದೆ. ಸಿಗ್ನಲ್ಲಿನಲ್ಲಿ ನಿಂತು ಕಾದ ಕಾರನ್ನು ಹೊರಟ ಕೂಡಲೇ ಪೂರ್ತಿ ಒತ್ತಬೇಡಿ, ಸ್ವಲ್ಪ ದೂರ ಗಾಳಿ ಹಾಯಲಿ. ಟ್ರ್ಯಾಕಿನಲ್ಲಿ ಏಸಿ ಆಫ್ ಮಾಡಿದರೆ ಕಂಡೆನ್ಸರಿನ ಬಿಸಿ ಇಂಟರ್‌ಕೂಲರಿಗೆ ಬಡಿಯುವುದು ತಪ್ಪುತ್ತದೆ. ಜೋರು ಲ್ಯಾಪುಗಳ ನಂತರ ನೇರವಾಗಿ ಪಿಟ್ಟಿಗೆ ಬಂದು ನಿಲ್ಲಿಸದೆ ಒಂದು ಸುತ್ತು ನಿಧಾನವಾಗಿ ಓಡಿಸಿ, ನಿಂತ ಮೇಲೆ ಬಾನೆಟ್ ತೆರೆದಿಡಿ.

ಕಾರಿನ ಶಕ್ತಿ ಹೆಚ್ಚಿಸಬೇಕೆಂದು ಇಸಿಯು ರೀಮ್ಯಾಪ್ (ಅದರ ಸಾಫ್ಟ್‌ವೇರ್ ಬದಲಿಸುವುದು) ಬಗ್ಗೆ ಕೇಳುವ ಹುಡುಗರಿಗೆ ನಾನು ಈ ಸಾಲನ್ನೇ ಕೊಡುತ್ತೇನೆ: ಅಳೆಯಿರಿ, ತೊಳೆಯಿರಿ, ಸಂದಿ ಮುಚ್ಚಿ, ಸೋರಿಕೆ ನಿಲ್ಲಿಸಿ, ಆಮೇಲೆ ಬೇಕಿದ್ದರೆ ಕೊಳ್ಳಿ, ರೀಮ್ಯಾಪ್ ಎಲ್ಲಕ್ಕಿಂತ ಕೊನೆಗೆ. ಬೂಸ್ಟ್ ಏರಿಸಿ ಪಡೆದ ಶಕ್ತಿಯ ಜೊತೆಗೆ ಪಿಸ್ಟನ್, ಬೇರಿಂಗ್, ಟರ್ಬೊ ಎಲ್ಲದರ ಮೇಲೂ ಹೊರೆ ಬೀಳುತ್ತದೆ. ಗಾಳಿಯನ್ನು ಹತ್ತು ಡಿಗ್ರಿ ಇಳಿಸಿ ಪಡೆದ ಶಕ್ತಿ ನಾಕಿಂಗಿನ ಭಯವನ್ನೂ ತಗ್ಗಿಸಿಕೊಂಡು ಬರುತ್ತದೆ, ಏಪ್ರಿಲ್ ಮಧ್ಯಾಹ್ನದ ಐದನೆಯ ಲ್ಯಾಪಿನಲ್ಲೂ ಕೈಕೊಡುವುದಿಲ್ಲ.