ಹಿಡಿತ ಬಿಡದ ಕ್ಲಚ್ಚು

ಕ್ಲಚ್ಚಿನ ಕೆಲಸ ಎರಡು ಬಗೆಯದು: ಹಿಡಿಯುವುದು ಮತ್ತು ಬಿಡುವುದು. ಹಳೆಯ ಪಿಕಪ್ ಟ್ರಕ್ಕಿನ ಕ್ಲಚ್ಚು ಬಿಡದೆ ಹೋದರೆ ದೋಷವನ್ನು ಕಂಡುಹಿಡಿಯುವುದು ಹೇಗೆ? ೧೯೮೦ರ ದಶಕದ ಟೊಯೋಟಾ ಹೈಲಕ್ಸ್ ಬಂಡಿಯಲ್ಲಿರುವಂತೆ ದ್ರವದ ಮೂಲಕ ನಡೆಯುವ ಕ್ಲಚ್ಚನ್ನು ಉದಾಹರಣೆಯಾಗಿ ತೆಗೆದುಕೊಂಡು ಇದನ್ನು ವಿಚಾರಿಸೋಣ.

ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೂ ಒತ್ತುತಟ್ಟೆಗೂ ನಡುವೆ ಘರ್ಷಣೆಯ ಬಿಲ್ಲೆಯೊಂದನ್ನು ಸ್ಪ್ರಿಂಗು ಅದುಮಿ ಹಿಡಿದಿರುತ್ತದೆ. ಬಿಲ್ಲೆ ತಿರುಗಿದರೆ ಗೇರ್ ಪೆಟ್ಟಿಗೆಯ ದಂಡವೂ ತಿರುಗುವುದು. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ದ್ರವವನ್ನು ನೂಕುತ್ತದೆ. ದ್ರವವು ಕೊಳವೆಯಲ್ಲಿ ಸಾಗಿ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅದರ ಕಡ್ಡಿಯು ಕವಲುಗೋಲನ್ನು ಒತ್ತಿದಾಗ ಒತ್ತುತಟ್ಟೆಯು ಒಂದೆರಡು ಮಿಲಿಮೀಟರು ಸರಿದು ಬಿಲ್ಲೆಯನ್ನು ಬಿಡುತ್ತದೆ.

ಮೊದಲ ಪರೀಕ್ಷೆ: ಎಂಜಿನ್ನು ನಿಂತಿರುವಾಗ ಗೇರುಗಳು ಸುಲಭವಾಗಿ ಬಿದ್ದು, ಓಡುತ್ತಿರುವಾಗ ಕರಕರ ಸದ್ದು ಮಾಡಿ ಬೀಳದಿದ್ದರೆ, ಕ್ಲಚ್ಚು ಬಿಡುತ್ತಿಲ್ಲವೆಂದು ತಿಳಿಯಬೇಕು. ಎರಡು ಸ್ಥಿತಿಗಳಲ್ಲಿಯೂ ಬೀಳದಿದ್ದರೆ ಗೇರಿನ ಸನ್ನೆಗಳನ್ನೂ ಪೆಟ್ಟಿಗೆಯನ್ನೂ ಶಂಕಿಸಬೇಕು.

ಎರಡನೆಯದು ದ್ರವದ ಪರೀಕ್ಷೆ. ಮೇಲಿನ ಪಿಸ್ಟನ್ನಿನ ವಿಸ್ತೀರ್ಣ ೨ ಚದರ ಸೆಂಟಿಮೀಟರು, ಕೆಳಗಿನದು ೩ ಎಂದು ಭಾವಿಸೋಣ. ಮೇಲಿನದು ೩ ಸೆಂಟಿಮೀಟರು ಚಲಿಸಿದರೆ ೬ ಘನ ಸೆಂಟಿಮೀಟರು ದ್ರವ ಸಾಗಿ, ಕೆಳಗಿನದು ೨ ಸೆಂಟಿಮೀಟರು ಚಲಿಸುವುದು. ಅದರಲ್ಲಿ ೩ ಘನ ಸೆಂಟಿಮೀಟರು ಸೋರಿದರೆ ಚಲನೆ ೧ ಸೆಂಟಿಮೀಟರಿಗೆ ಇಳಿಯುವುದು. ಕೊಳವೆಯಲ್ಲಿ ಗಾಳಿ ಸೇರಿದರೂ ಇದೇ ಫಲ. ದ್ರವವು ಕುಗ್ಗುವುದು ಅತ್ಯಲ್ಪ, ಗಾಳಿಯಾದರೋ ಬಹಳವಾಗಿ ಕುಗ್ಗುತ್ತದೆ. ಪೆಡಲನ್ನು ಹಲವು ಬಾರಿ ತುಳಿದ ಮೇಲೆ ಗೇರು ಬಿದ್ದರೆ ಗಾಳಿಯನ್ನೋ, ಸವೆದ ರಬ್ಬರು ಬಟ್ಟಲನ್ನೋ ಸಂದೇಹಿಸಬಹುದು.

ಮೂರನೆಯದಾಗಿ, ಎಂಜಿನ್ನನ್ನು ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಒಬ್ಬರು ಪೆಡಲನ್ನು ತುಳಿಯುತ್ತಿರಲು ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಕಡ್ಡಿಯನ್ನು ನೋಡಬೇಕು. ಕೇವಲ ಜಾಕಿನ ಆಧಾರದ ಮೇಲಿರುವ ಬಂಡಿಯ ಕೆಳಗೆ ಎಂದಿಗೂ ನುಸುಳಬಾರದು. ಕಡ್ಡಿಯ ಚಲನೆ ಅಲ್ಪವಾಗಿದ್ದರೆ ದೋಷವು ಪೆಡಲಿನಿಂದ ಅಲ್ಲಿಯವರೆಗಿನ ದಾರಿಯಲ್ಲಿದೆ. ಗೇರ್ ಪೆಟ್ಟಿಗೆಯನ್ನು ಇಳಿಸುವ ಶ್ರಮವೂ ವೆಚ್ಚವೂ ಉಳಿಯಿತು. ಚಲನೆ ಪೂರ್ಣವಾಗಿದ್ದರೆ ಮಾತ್ರ ದೋಷವು ಒಳಗಿನದು: ಕವಲುಗೋಲು ಬಾಗಿರಬಹುದು, ದಂಡದ ತುದಿಯ ಬೇರಿಂಗು ಬಿಗಿದಿರಬಹುದು, ಬಿಲ್ಲೆಯನ್ನು ತಿರುವುಮುರುವಾಗಿ ಕೂರಿಸಿರಬಹುದು. ಬಹುಕಾಲ ತೇವದಲ್ಲಿ ನಿಂತ ಬಂಡಿಯಾದರೆ ಬಿಲ್ಲೆಯು ತುಕ್ಕಿನಿಂದ ಫ್ಲೈವೀಲಿಗೆ ಅಂಟಿರುವುದೂ ಉಂಟು. ಆಗ ಬಂಡಿಯನ್ನು ಗೇರಿನಲ್ಲಿಟ್ಟು ಎಂಜಿನ್ನು ಹೂಡಿದರೆ, ಪೆಡಲು ತುಳಿದಿದ್ದರೂ ಬಂಡಿ ಥಟ್ಟನೆ ನೆಗೆದು ಎದುರಿನವರ ಪ್ರಾಣಕ್ಕೇ ಅಪಾಯವಾಗಬಹುದು. ಅದನ್ನು ಬಿಡಿಸುವ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕನಿಗೆ ಒಪ್ಪಿಸುವುದೇ ಲೇಸು.

ಹೊಲಕ್ಕೆ ನೀರು ಬಾರದಿದ್ದರೆ ರೈತನು ತೂಬಿನಿಂದ ಮೊದಲುಮಾಡಿ ಕಾಲುವೆಯುದ್ದಕ್ಕೂ ನಡೆದು ನೋಡುತ್ತಾನೆ. ನಾವೂ ಹಾಗೆಯೇ ಪೆಡಲಿನಿಂದ ಹೊರಟು, ಚಲನೆ ಎಲ್ಲಿಯವರೆಗೆ ತಲುಪಿತು, ಎಲ್ಲಿ ನಿಂತಿತು ಎಂದು ನೋಡುತ್ತ ಹೋಗಬೇಕು. ಬಿಚ್ಚುವುದಕ್ಕೆ ಮೊದಲು ವಿಚಾರ ಮಾಡುವುದೇ ಯಂತ್ರವಿದ್ಯೆಯ ಮೊದಲ ಪಾಠ.