ಹಂಸದ ಸಂಸಾರ

ಹಂಸವೆಂದೊಡನೆ ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲದೆಂದು ಕವಿಗಳು ಬಣ್ಣಿಸಿದ ಪಕ್ಷಿ ನಮ್ಮ ನೆನಪಿಗೆ ಬರುತ್ತದೆ. ಆದರೆ ನೀಳವಾದ ಕೊರಳಿನ ಬಿಳಿಯ ಹಂಸವು ಗೂಡು ಕಟ್ಟಿ ಮರಿ ಮಾಡುವುದನ್ನು ನಮ್ಮ ನಾಡಿನ ಕೆರೆಗಳಲ್ಲಿ ಕಾಣುವಂತಿಲ್ಲ. ಇಂಗ್ಲೆಂಡಿನ ನದಿ, ಸರೋವರಗಳಲ್ಲಾದರೋ ಅದು ಜನರ ಕಣ್ಣೆದುರಿಗೇ ತನ್ನ ಸಂಸಾರವನ್ನು ನಡೆಸುತ್ತದೆ. ಅಲ್ಲಿನವರು ಅದನ್ನು ‘ಮೂಕಹಂಸ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಇಂತಹ ಒಂದು ಸಂಸಾರದ ಬೆಳವಣಿಗೆಯನ್ನು ವಸಂತದಿಂದ ಚಳಿಗಾಲದವರೆಗೆ ಛಾಯಾಚಿತ್ರಗಳಲ್ಲಿ ಹಿಡಿದಿಡುವುದು ಎಷ್ಟು ಸೊಗಸಿನ ಕೆಲಸವೋ ಅಷ್ಟೇ ಹೊಣೆಗಾರಿಕೆಯ ಕೆಲಸ.

ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಗಂಡು ಹೆಣ್ಣುಗಳೆರಡೂ ಸೇರಿ ನೀರಿನ ಅಂಚಿನಲ್ಲಿ ಜೊಂಡನ್ನೂ ಕಡ್ಡಿಗಳನ್ನೂ ಒಟ್ಟಿ ದೊಡ್ಡ ಗೂಡನ್ನು ಕಟ್ಟುತ್ತವೆ. ಹೆಣ್ಣು ಸಾಮಾನ್ಯವಾಗಿ 5ರಿಂದ 7 ಮೊಟ್ಟೆಗಳನ್ನಿಟ್ಟು ಸುಮಾರು 36 ದಿನ ಕಾವು ಕೊಡುತ್ತದೆ. ಗಂಡು ಕಾವಲು ಕಾಯುತ್ತದೆ. ಯಾರಾದರೂ ಗೂಡಿನ ಬಳಿ ಸುಳಿದರೆ ರೆಕ್ಕೆಗಳನ್ನು ಬೆನ್ನಿನ ಮೇಲೆ ಕಮಾನಿನಂತೆ ಎತ್ತಿ, ಬುಸುಗುಟ್ಟುತ್ತ ಮುನ್ನುಗ್ಗುತ್ತದೆ. ಚಿತ್ರಕ್ಕೆ ಈ ಭಂಗಿ ಬಲು ಚೆಲುವಾದುದು. ಆದರೆ ಬಲ್ಲವನಾದ ಛಾಯಾಗ್ರಾಹಕನು ಅದನ್ನು ಎಚ್ಚರಿಕೆಯೆಂದು ತಿಳಿದು ಹಿಂದೆ ಸರಿಯುತ್ತಾನೆ. ಹೆದರಿದ ತಾಯಿ ಗೂಡನ್ನು ಬಿಟ್ಟೆದ್ದರೆ ಮೊಟ್ಟೆಗಳು ತಣ್ಣಗಾಗುತ್ತವೆ. ಹೊಂಚುಹಾಕುತ್ತಿರುವ ಕಾಗೆಗಳಿಗೆ ಅವು ತುತ್ತಾಗಲೂಬಹುದು. ಒಂದು ಚಿತ್ರದ ಆಸೆಗೆ ಒಂದು ಸಂಸಾರವೇ ಬಲಿಯಾದಂತಾಗುತ್ತದೆ.

ಹಕ್ಕಿಗೆ ಗಾಬರಿಯಾಗದಂತೆ ಚಿತ್ರ ತೆಗೆಯುವ ಉಪಾಯಗಳನ್ನು ಮೊದಮೊದಲು ಹುಡುಕಿದವರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಎಂಬ ಸೋದರರು ಪ್ರಮುಖರು. 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಚಿತ್ರವನ್ನು ತೆಗೆದ ಇವರು, ಮುಂದೆ ಎತ್ತಿನ ಚರ್ಮದಿಂದ ಒಂದು ಪೊಳ್ಳು ಎತ್ತನ್ನೇ ಮಾಡಿಸಿ, ಅದರೊಳಗೆ ಅಡಗಿ ಹಕ್ಕಿಗಳ ಚಿತ್ರ ತೆಗೆದರು. ಈಗ ಟೆಲಿಫೋಟೋ ಮಸೂರವಿರುವುದರಿಂದ ದೂರದ ದಡದಲ್ಲಿ ಕುಳಿತೇ ಈ ಕೆಲಸವನ್ನು ಮಾಡಬಹುದು. ಆದರೂ ಗಂಟೆಗಟ್ಟಲೆ ಅಲುಗಾಡದೆ ಕಾಯುವ ತಾಳ್ಮೆಯನ್ನು ಯಾವ ಮಸೂರವೂ ಒದಗಿಸಲಾರದು.

ಮೊಟ್ಟೆಯೊಡೆದು ಬಂದ ಒಂದೆರಡು ದಿನಗಳಲ್ಲಿಯೇ ಬೂದುಬಣ್ಣದ ಮರಿಗಳು ನೀರಿಗಿಳಿಯುತ್ತವೆ. ದಣಿದಾಗ ತಾಯಿಯ ಬೆನ್ನನ್ನೇರಿ ರೆಕ್ಕೆಗಳ ನಡುವಿನಿಂದ ಇಣುಕುತ್ತವೆ. ತಂದೆತಾಯಿಗಳು ಉದ್ದವಾದ ಕೊರಳನ್ನು ನೀರಿನಲ್ಲಿ ಮುಳುಗಿಸಿ, ಮರಿಗಳಿಗೆ ಎಟುಕದ ಜಲಸಸ್ಯಗಳನ್ನು ಕಿತ್ತು ಮೇಲಕ್ಕೆ ತರುತ್ತವೆ. ನಡುಹಗಲ ಬಿಸಿಲಿನಲ್ಲಿ ಇದರ ಚಿತ್ರ ತೆಗೆದರೆ ಗರಿಗಳ ಎಳೆಗಳೆಲ್ಲ ಅಳಿಸಿಹೋಗಿ ಬರಿಯ ಬಿಳುಪು ಉಳಿಯುವ ಸಂಭವವುಂಟು. ಆದ್ದರಿಂದ ಮುಂಜಾನೆಯ ಅಥವಾ ಸಂಜೆಯ ಮೆದುವಾದ ಬೆಳಕೇ ಉತ್ತಮ. ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ಹಿಡಿದರೆ ಮರಿಯು ಕಾಣುವ ಲೋಕವನ್ನು ನಾವೂ ಕಾಣಬಹುದು.

ವಾರಕ್ಕೊಮ್ಮೆ ಒಂದೇ ಸ್ಥಳದಿಂದ ತೆಗೆದ ಚಿತ್ರಗಳನ್ನು ದಿನಾಂಕದೊಡನೆ ಸಾಲಾಗಿ ಇರಿಸಿದಾಗ, ಬಿಡಿಚಿತ್ರದಲ್ಲಿ ಕಾಣದ ಸಂಗತಿಗಳು ಕಾಣತೊಡಗುತ್ತವೆ. ಮರಿಗಳಿನ್ನೂ ಚಿಕ್ಕವಾಗಿರುವಾಗ ತಾಯಿ ತನ್ನ ಹಾರುವ ಗರಿಗಳನ್ನು ಉದುರಿಸುತ್ತದೆ. ಆಕೆಗೆ ಹೊಸ ಗರಿ ಬಂದಮೇಲೆ ತಂದೆಯ ಸರದಿ. ಹೀಗಾಗಿ ಮರಿಗಳನ್ನು ಕಾಯಲು ಇಬ್ಬರಲ್ಲೊಬ್ಬರು ಸದಾ ಪೂರ್ಣ ಶಕ್ತಿಯಿಂದಿರುತ್ತಾರೆ. ಅಷ್ಟಾದರೂ ಮೊದಲ ಚಿತ್ರದಲ್ಲಿದ್ದ ಆರು ಮರಿಗಳು ಮುಂದಿನ ಚಿತ್ರಗಳಲ್ಲಿ ನಾಲ್ಕಾಗಬಹುದು, ಮೂರಾಗಬಹುದು. ನರಿ, ದೊಡ್ಡ ಮೀನು, ಚಳಿಮಳೆ, ಇವೆಲ್ಲವೂ ಮರಿಗಳಿಗೆ ಶತ್ರುಗಳೇ.

ಮನುಷ್ಯನಿಂದಲೂ ಹಂಸಗಳಿಗೆ ಕೇಡಾದುದುಂಟು. ಆಹಾರವನ್ನು ಅರೆದು ಜೀರ್ಣಿಸಿಕೊಳ್ಳಲು ಅವು ಸಣ್ಣ ಹರಳುಗಳನ್ನು ನುಂಗುತ್ತವೆ. ಗಾಳ ಹಾಕುವವರು ಬಿಟ್ಟುಹೋದ ಸೀಸದ ಗುಂಡುಗಳೂ ಹರಳುಗಳೊಡನೆ ಹೊಟ್ಟೆಯನ್ನು ಸೇರಿ, ಅನೇಕ ಹಂಸಗಳು ವಿಷವೇರಿ ಸತ್ತವು. ಹಂಸಗಳನ್ನು ಎಣಿಸಿ, ಸತ್ತವನ್ನು ಪರೀಕ್ಷಿಸಿದವರಿಂದ ಈ ಕಾರಣ ಹೊರಬಿದ್ದಿತು. 1987ರಲ್ಲಿ ಅಂತಹ ಗುಂಡುಗಳ ಮಾರಾಟವನ್ನು ಅಲ್ಲಿ ನಿಷೇಧಿಸಿದ ಬಳಿಕ ಹಂಸಗಳ ಸಂಖ್ಯೆ ಮತ್ತೆ ಹೆಚ್ಚಿತು. ವಾರವಾರವೂ ಎಣಿಸಿ ದಾಖಲಿಸುವುದು ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ನಾಲ್ಕೈದು ತಿಂಗಳುಗಳಾಗುವ ಹೊತ್ತಿಗೆ ಮರಿಗಳು ಗಾತ್ರದಲ್ಲಿ ತಂದೆತಾಯಿಗಳನ್ನು ಹೋಲುತ್ತವೆ. ಬಣ್ಣ ಮಾತ್ರ ಇನ್ನೂ ಕಂದು. 1843ರಲ್ಲಿ ಡೆನ್ಮಾರ್ಕಿನ ಆಂಡರ್‌ಸನ್ನನು ತನ್ನ ಪ್ರಸಿದ್ಧ ಕಥೆಯಲ್ಲಿ ಕುರೂಪಿಯಾದ ಬಾತುಮರಿಯೆಂದು ಎಲ್ಲರೂ ಹಳಿದುದಾಗಿ ಬರೆದುದು ಹಂಸದ ಮರಿಯನ್ನೇ. ಆ ಮರಿಗಳು ನೀರಿನ ಮೇಲೆ ದಡದಡನೆ ಓಡಿ, ರೆಕ್ಕೆ ಬಡಿದು ಮೊದಲ ಬಾರಿಗೆ ಆಕಾಶಕ್ಕೇರುವ ಕ್ಷಣಕ್ಕಾಗಿಯೇ ಛಾಯಾಗ್ರಾಹಕನು ಅಷ್ಟು ತಿಂಗಳು ಕಾದಿರುತ್ತಾನೆ. ಮರುವರ್ಷದ ಗೂಡಿನ ಕಾಲ ಬರುವುದರೊಳಗೆ, ಪ್ರಾಣವನ್ನು ಪಣವಾಗಿಟ್ಟು ಸಲಹಿದ ತಂದೆತಾಯಿಗಳೇ ಅವನ್ನು ಅಟ್ಟಿಬಿಡುತ್ತವೆ. ಅದು ನಿಷ್ಠುರತೆಯಲ್ಲ, ಸ್ವತಂತ್ರವಾಗಿ ಬದುಕಲು ಮರಿಗಳಿಗೆ ತೋರಿಸುವ ದಾರಿ.

ನಮ್ಮ ಊರಿನ ಕೆರೆಯಲ್ಲಿ ಯಾವ ಹಕ್ಕಿಯ ಸಂಸಾರವನ್ನು ನೋಡಹೊರಟರೂ ನಾವು ನೆನಪಿಡಬೇಕಾದ ಮಾತು ಒಂದೇ: ನಾವು ಬಂದುದರಿಂದ ಅದರ ಒಂದು ಮರಿಯೂ ಕಡಿಮೆಯಾಗಬಾರದು.